ಕಂಪ್ರೆಷನ್ ಇಲ್ಲ ಅಂದರಾ? ಎಂಜಿನ್ ಇಳಿಸುವ ಮೊದಲು ಗಾಳಿ ಎಲ್ಲಿ ಸೋರುತ್ತಿದೆ ನೋಡಿ

ಹಳೆ ಕಾರು ಏರು ಬಂದರೆ ಏದುಸಿರು ಬಿಡುತ್ತದೆ. ಬೆಳಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ, ಆದಮೇಲೆ ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ಕಿವಿಗೊಟ್ಟು ಹೇಳುವ ಮಾತು ಬಹುತೇಕ ಒಂದೇ: "ಕಂಪ್ರೆಷನ್ ಇಲ್ಲ ಸಾರ್, ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು." ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಹಿಂಡಿಕೊಂಡಾಗಿನ ಒತ್ತಡ, ಇಲ್ಲ ಎನ್ನುವುದು ನಿಜ ಇರಬಹುದು. ರಿಂಗ್ (ಗಾಳಿ ಸೋರದಂತೆ ಪಿಸ್ಟನ್ ಸುತ್ತ ಇರುವ ಬಳೆ) ಹೋಗಿದೆ ಎನ್ನುವುದು ಅಳೆಯುವ ತನಕ ಊಹೆ ಮಾತ್ರ. ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು) ಬಿಗಿಯಾಗಿದ್ದರೂ ಕಂಪ್ರೆಷನ್ ಬೀಳುತ್ತದೆ, ಅದನ್ನು ಸರಿಮಾಡಲು ಸಂದು ಅಳೆಯುವ ತೆಳು ಪಟ್ಟಿಗಳ ಒಂದು ಫೀಲರ್ ಗೇಜ್, ಒಂದು ಸ್ಪ್ಯಾನರ್, ಒಂದು ಗಂಟೆ ಸಾಕು. ಬೋರ್ ಮಾಡಿಸುವುದಕ್ಕೂ (ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡುವುದು) ಟ್ಯಾಪೆಟ್ ಸೆಟ್ ಮಾಡುವುದಕ್ಕೂ ಖರ್ಚಿನಲ್ಲಿ ಆನೆಗೂ ಮೇಕೆಗೂ ಇರುವ ಅಂತರ.

ಇಲ್ಲಿ ಉದಾಹರಣೆಗೆ ಮಾರುತಿ 800 ತೆಗೆದುಕೊಂಡಿದ್ದೇವೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಗಾಡಿ ಇವತ್ತಿಗೂ ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಾಗುತ್ತಲೇ ಇದೆ. 796 ಸಿಸಿ, 3 ಸಿಲಿಂಡರ್, 6 ವಾಲ್ವ್, ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ.; ಓಮ್ನಿಯಲ್ಲಿ ಇದ್ದದ್ದೂ ಇದೇ ಎಂಜಿನ್. ಕ್ರಮ ಮಾತ್ರ ಯಾವ ಹಳೆಯ ಪೆಟ್ರೋಲ್ ಕಾರಿಗೂ ಹೊಂದುತ್ತದೆ. ಡೀಸೆಲ್‌ಗೆ ಇದನ್ನು ಮಾಡಲು ಹೋಗಬೇಡಿ. ಅಲ್ಲಿ ಒತ್ತಡ 400 ಪಿಎಸ್‌ಐ (ಟೈರ್ ಗಾಳಿ ಅಳೆಯುವ ಅದೇ ಲೆಕ್ಕ) ಆಸುಪಾಸು ಇರುವುದರಿಂದ ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ಗೇಜು ಒಡೆದುಹೋಗುತ್ತದೆ, ಎಣ್ಣೆ ಹಾಕಿ ಪರೀಕ್ಷೆ ಮಾಡುವುದಂತೂ ಅಪಾಯ.

ಗಾಳಿಗೆ ಇರುವ ದಾರಿಗಳು

ಪಿಸ್ಟನ್ ಮೇಲೇರುವಾಗ ಸಿಲಿಂಡರಿನೊಳಗಿನ ಗಾಳಿ ಹಿಂಡಿಕೊಳ್ಳಬೇಕು. ಹಿಂಡಿಕೊಳ್ಳದೆ ತಪ್ಪಿಸಿಕೊಳ್ಳುತ್ತಿದ್ದರೆ ಅದಕ್ಕಿರುವ ದಾರಿ ಬೆರಳೆಣಿಕೆಯಷ್ಟು. ರಿಂಗ್ ಪಕ್ಕದಿಂದ ಕೆಳಗೆ ಆಯಿಲ್ ಚೇಂಬರಿಗೆ, ಇನ್‌ಲೆಟ್ ವಾಲ್ವ್ ಮೂಲಕ ಕಾರ್ಬುರೇಟರ್ ಕಡೆಗೆ, ಎಕ್ಸಾಸ್ಟ್ ವಾಲ್ವ್ ಮೂಲಕ ಸೈಲೆನ್ಸರಿಗೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲಿನ ವಾಲ್ವ್ ಇರುವ ಹೆಡ್ಡಿಗೂ ನಡುವಿನ ತೆಳು ಹಾಳೆ) ಸುಟ್ಟಿದ್ದರೆ ರೇಡಿಯೇಟರ್ ನೀರಿಗೆ ಅಥವಾ ಪಕ್ಕದ ಸಿಲಿಂಡರಿಗೆ. ಇವಲ್ಲದೆ ಇನ್ನೊಂದಿದೆ, ಅದನ್ನು ತುಂಬ ಜನ ಮರೆಯುತ್ತಾರೆ: ಗಾಳಿ ಸೋರುತ್ತಲೇ ಇಲ್ಲ, ಮೊದಲಿಗೆ ಸಾಕಷ್ಟು ಒಳಗೇ ಹೋಗಿಲ್ಲ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಸವೆದಾಗ, ಆ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಹಲ್ಲು ಹಾರಿದಾಗ ಆಗುವುದು ಇದು. ಮುಂದೆ ಮಾಡುವ ಎಲ್ಲ ಪರೀಕ್ಷೆಯೂ ಇವುಗಳಲ್ಲಿ ಯಾವುದು ಎಂದು ಸೋಸುವುದಕ್ಕೇ.

ಹೊಗೆ ನೋಡಿ ಮೋಸಹೋಗಬೇಡಿ. ನೀಲಿ ಹೊಗೆ ಬಂದ ಮಾತ್ರಕ್ಕೆ ಕಂಪ್ರೆಷನ್ ಹೋಗಿದೆ ಎಂದಲ್ಲ. ವಾಲ್ವ್ ಸೀಲ್ ಗಟ್ಟಿಯಾಗಿ ಬಿರುಕುಬಿಟ್ಟರೆ ಎಣ್ಣೆ ಸಿಲಿಂಡರಿಗಿಳಿದು ಸುಡುತ್ತದೆ, ಕಂಪ್ರೆಷನ್ ಮಾತ್ರ ಸರಿಯಾಗೇ ಇರುತ್ತದೆ. ಆಯಿಲ್ ರಿಂಗ್ ಸವೆದು ಮೇಲಿನ ಎರಡು ಕಂಪ್ರೆಷನ್ ರಿಂಗ್ ಚೆನ್ನಾಗಿದ್ದರೂ ಹಾಗೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ಒಮ್ಮೆ ಬುಸ್ಸೆಂದು ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಅಥವಾ ಗೈಡ್ ಕಡೆ ಬೆರಳು ತೋರಿಸಿ. ಲೋಡ್ ಹಾಕಿ ಎಳೆಯುವಾಗ ಎಡೆಬಿಡದೆ ಬಂದರೆ ರಿಂಗ್ ಕಡೆ.

ಪ್ಲಗ್ ಬಿಚ್ಚುವ ಮೊದಲು

ಕೈಯಲ್ಲಿ ಏನೂ ಇಲ್ಲದೆಯೂ ಅರ್ಧ ಸಂಗತಿ ತಿಳಿಯುತ್ತದೆ. ಕಾರು ಕೊಳ್ಳಲು ಹೋದವರಿಗೆ ಬಹಳ ಸಲ ಸಿಗುವ ಅವಕಾಶವೂ ಇಷ್ಟೇ.

ಎಂಜಿನ್ ತಣ್ಣಗಿರುವಾಗ ಹೋಗಿ. ಬಾನೆಟ್ ಮುಟ್ಟಿ ನೋಡಿ. ನೀವು ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಸಂಶಯಕ್ಕೆ ಕಾರಣ ಇದೆ. ಮೊದಲು ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ, ಮೇಲೆ ಎಣ್ಣೆ ಪದರ ತೇಲುತ್ತಿದೆಯೇ ನೋಡಿ. ಬಿಸಿ ಎಂಜಿನ್ನಿನಲ್ಲಿ ಈ ಮುಚ್ಚಳಕ್ಕೆ ಕೈ ಹಾಕಲೇಬಾರದು. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ ಕಾಫಿಯ ಕೆನೆಯಂಥ ಲೋಳೆ ದಪ್ಪಗಿದ್ದರೆ ನೀರು ಎಣ್ಣೆಗೆ ಬೆರೆಯುತ್ತಿದೆ. ತೆಳುವಾಗಿ, ಮುಚ್ಚಳಕ್ಕೆ ಮಾತ್ರ ಅಂಟಿದ್ದರೆ ಅದು ಮಳೆಗಾಲದಲ್ಲಿ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಗಳಲ್ಲಿ ಸಹಜವಾಗಿ ಕಾಣುವ ತೇವ. ಡಿಪ್‌ಸ್ಟಿಕ್ ಮೇಲೂ ಇದ್ದರೆ ಮಾತ್ರ ಗಾಬರಿ.

ಸೆಲ್ಫ್ ಹೊಡೆಯುವಾಗಿನ ಸದ್ದು ಕೇಳಿ. ಮೂರೂ ಸಿಲಿಂಡರ್ ಒಂದೇ ಸಮ ಇದ್ದರೆ ಲಯ ಒಂದೇ ತೆರನಾಗಿ ಬರುತ್ತದೆ. ಒಂದು ಸತ್ತಿದ್ದರೆ ಪ್ರತಿ ಮೂರರಲ್ಲಿ ಒಮ್ಮೆ ಮೋಟರ್ ಸಡಿಲಾಗಿ ಓಡಿದಂತೆ ಕೇಳುತ್ತದೆ, ಕುಂಟುವವರ ಹೆಜ್ಜೆಯ ಹಾಗೆ. ಬೆಲ್ಟ್ ತುಂಡಾಗಿದ್ದರೆ ತಡೆಯೇ ಇಲ್ಲದೆ ಗಿರ್ರೆಂದು ಸುತ್ತುತ್ತದೆ.

ಸ್ಟಾರ್ಟ್ ಆದ ಮೇಲೆ ಆಯಿಲ್ ಮುಚ್ಚಳ ತಿರುಗಿಸಿ ಬಿಟ್ಟು ಅದರ ಬಾಯಿಯ ಮೇಲೆ ಹಾಗೇ ಇಡಿ. ಸಣ್ಣಗೆ ನಡುಗುವುದು ಸರಿ. ಹಾರಿ ಬೀಳುವಂತೆ ಕುಣಿದರೆ, ಬಾಯಿಂದ ಉಗಿಬಂಡಿಯಂತೆ ಹೊಗೆ ಬಂದರೆ ರಿಂಗ್ ಪಕ್ಕದಿಂದ ಒತ್ತಡ ಕೆಳಗಿಳಿಯುತ್ತಿದೆ. ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ಹಿಂದೆ ಸೈಲೆನ್ಸರ್ ಬಾಯಿಗೆ ನ್ಯೂಸ್‌ಪೇಪರಿನ ಒಂದು ಚೂರು ಹಿಡಿಯಿರಿ: ಒಂದೇ ಸಮನೆ ಹೊರಕ್ಕೆ ಹಾರುತ್ತಿರಬೇಕು. ನಡುನಡುವೆ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿರುವ ಸಾಧ್ಯತೆ ದೊಡ್ಡದು.

ಬೇಕಾಗುವ ಸಾಮಾನು

14 ಮಿ.ಮೀ. ತಿರುಪು ಇರುವ ಕಂಪ್ರೆಷನ್ ಗೇಜ್. ರಬ್ಬರ್ ಮೂತಿಯನ್ನು ಪ್ಲಗ್ ತೂತಿಗೆ ಒತ್ತಿಹಿಡಿಯುವ ಬಗೆಯದ್ದು ಅಗ್ಗ, ಆದರೆ ಒತ್ತುವ ಕೈ ಸ್ವಲ್ಪ ಸಡಿಲಾದರೂ 20 ಪಿಎಸ್‌ಐ ಎಗರಿಹೋಗುತ್ತದೆ. ತಿರುಪಿ ಕೂರಿಸುವ ಪೈಪ್ ಇರುವುದನ್ನೇ ತನ್ನಿ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಪೈಪಿನ ತುದಿಯಲ್ಲಿರುವ ಸಣ್ಣ ರಬ್ಬರ್ ರಿಂಗ್ ಇದೆಯೇ, ಅದರೊಳಗೆ ಟೈರಿನ ಪಿನ್ನಿನಂಥ ವಾಲ್ವ್ ಕೂತಿದೆಯೇ ನೋಡಿಕೊಳ್ಳಿ. ಈ ಪಿನ್ ಸೋರಿದರೆ ಮುಳ್ಳು ಏರಿದಲ್ಲಿ ನಿಲ್ಲದೆ ಜಾರುತ್ತದೆ. ಟೈರಿನ ಪಿನ್ ತಂದು ಇಲ್ಲಿ ಹಾಕುವುದು ಬೇಡ. ಅದರ ಸ್ಪ್ರಿಂಗ್ ಬಿರುಸು, ಓದು (ಗೇಜಿನ ಅಂಕಿ) ಕಡಿಮೆ ತೋರಿಸುತ್ತದೆ.

ಇದಲ್ಲದೆ ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಸೂಜಿ ಇಲ್ಲದ 5 ಮಿ.ಲೀ. ಸಿರಿಂಜು, ಅದಕ್ಕೆ ಸಿಕ್ಕಿಸಲು ಒಂದು ಗೇಣು ತೆಳು ಪೈಪು, ಸ್ವಲ್ಪ ಎಂಜಿನ್ ಆಯಿಲ್, ಕಾಗದ, ಪೆನ್ನು. ಜತೆಗೆ ಸೆಲ್ಫ್ ಹೊಡೆಯಲು ಒಬ್ಬರು.

ಪರೀಕ್ಷೆ

ಎಂಜಿನ್ ಹತ್ತು ಹದಿನೈದು ನಿಮಿಷ ಓಡಿ ಬಿಸಿಯಾಗಿರಲಿ. ತಣ್ಣಗಿದ್ದಾಗ ಪಿಸ್ಟನ್ ಹಿಗ್ಗಿರುವುದಿಲ್ಲ, ರಿಂಗ್ ಕೂತಿರುವುದಿಲ್ಲ, ಓದು ಕಡಿಮೆ ಬರುತ್ತದೆ. ಸ್ಟಾರ್ಟೇ ಆಗದ ಗಾಡಿಯಾದರೆ ತಣ್ಣಗೇ ಮಾಡಿ. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಆಗ ನಿಮಗೆ ಆಧಾರ.

ಪ್ಲಗ್ ಸುತ್ತ ಕೂತ ಮಣ್ಣನ್ನು ಮೊದಲು ಗಾಳಿ ಹೊಡೆದೋ ಬ್ರಷ್‌ನಿಂದಲೋ ತೆಗೆಯಿರಿ, ಇಲ್ಲವಾದರೆ ಅದು ಸಿಲಿಂಡರಿನೊಳಕ್ಕೇ ಬೀಳುತ್ತದೆ. ಹೆಡ್ ಅಲ್ಯೂಮಿನಿಯಂ ಆದ್ದರಿಂದ ತುಂಬ ಬಿಸಿ ಇರುವಾಗ ಪ್ಲಗ್ ಬಿಗಿಹಿಡಿದರೆ ಬಲ ಹಾಕಬೇಡಿ, ಐದು ನಿಮಿಷ ಆರಲು ಬಿಡಿ. ತಿರುಪು ಕಿತ್ತು ಬಂದರೆ ಹೊಸ ತಲೆನೋವು. ಪ್ಲಗ್ ವೈರುಗಳಿಗೆ 1, 2, 3 ಎಂದು ಗುರುತು ಹಾಕಿ. ಟೈಮಿಂಗ್ ಬೆಲ್ಟ್ ಕಡೆಯದ್ದು 1. ಮೂರೂ ಪ್ಲಗ್ ತೆಗೆದು ಅದೇ ಕ್ರಮದಲ್ಲಿ ಸಾಲಾಗಿ ಇಡಿ, ಅವೂ ಸಾಕ್ಷಿ ಹೇಳುತ್ತವೆ: ಎಣ್ಣೆ ಹಿಡಿದು ಕಪ್ಪಗೆ ಒದ್ದೆಯಾದದ್ದು ಯಾವುದು, ಉಗಿಯಲ್ಲಿ ತೊಳೆದಂತೆ ಬೆಳ್ಳಗಿರುವುದು ಯಾವುದು. ಬೆಳ್ಳಗೆ ತೊಳೆದಂತಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿರಬಹುದು.

ಮೂರೂ ಪ್ಲಗ್ ತೆಗೆದೇ ಮಾಡಬೇಕು. ಒಂದನ್ನೇ ತೆಗೆದು ಗೇಜ್ ಹಾಕಿದರೆ ಉಳಿದೆರಡು ಸಿಲಿಂಡರ್ ಎಂಜಿನ್ನನ್ನು ತಡೆಯುತ್ತವೆ, ಸುತ್ತುವ ವೇಗ ಬೀಳುತ್ತದೆ, ಅಂಕಿಯೂ ಬೀಳುತ್ತದೆ.

ಇನ್ನು ಕರೆಂಟು ಮತ್ತು ಪೆಟ್ರೋಲ್ ನಿಲ್ಲಿಸಿ. ಕಾರ್ಬುರೇಟರ್ ಗಾಡಿಯಲ್ಲಿ ಇಗ್ನಿಷನ್ ಕಾಯಿಲಿನ ಸಣ್ಣ ವೈರು ಕಳಚಿ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವುದು) ಆದರೆ ಕಾಯಿಲಿನ ಕನೆಕ್ಟರ್ ತೆಗೆದು ಫ್ಯೂಯಲ್ ಪಂಪಿನ ಫ್ಯೂಸನ್ನೂ ಎಳೆದುಬಿಡಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಬರುವ ಹೊತ್ತಿನಲ್ಲಿ ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ. ಸಿಗರೇಟಿನವರನ್ನು ದೂರ ಕಳಿಸಿ. ಗ್ಯಾಸ್ ಕಿಟ್ ಇರುವ ಗಾಡಿಯಲ್ಲಿ ಗ್ಯಾಸ್ ಟ್ಯಾಂಕಿನ ವಾಲ್ವ್ ಬಂದ್ ಮಾಡಿ.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಗೇಜನ್ನು 1ನೇ ಸಿಲಿಂಡರಿಗೆ ಕೈಯಲ್ಲೇ ಬಿಗಿಯಾಗುವಷ್ಟು ತಿರುಪಿ. ಒಳಗಿರುವವರು ಆಕ್ಸಿಲರೇಟರನ್ನು ಪೂರ್ತಿ ನೆಲಕ್ಕೆ ತುಳಿದು ಸೆಲ್ಫ್ ಹೊಡೆಯಲಿ. ಆಕ್ಸಿಲರೇಟರ್ ಬಿಟ್ಟಿದ್ದರೆ ಕಾರ್ಬುರೇಟರಿನ ತಟ್ಟೆ ಮುಚ್ಚಿಕೊಂಡಿರುತ್ತದೆ, ಗಾಳಿಯೇ ಒಳಗೆ ಹೋಗುವುದಿಲ್ಲ. ಸುಳ್ಳು ಓದಿಗೆ ದೊಡ್ಡ ಕಾರಣ ಇದೇ. ಚೋಕ್ ಎಳೆದಿದ್ದರೂ ಅದೇ ಕತೆ, ಅದು ಒಳಗೆ ಹೋಗಿರಲಿ.

ಮುಳ್ಳು ಐದಾರು ಸಲ ಜಿಗಿಯುವವರೆಗೆ ಸುತ್ತಲಿ. ಮೊದಲ ಜಿಗಿತಕ್ಕೆ ಎಷ್ಟಿತ್ತು, ಕೊನೆಗೆ ಎಷ್ಟಕ್ಕೆ ನಿಂತಿತು, ಎರಡನ್ನೂ ಬರೆಯಿರಿ. ಎಲ್ಲ ಸಿಲಿಂಡರಿಗೂ ಅಷ್ಟೇ ಜಿಗಿತ. ಮೂರು ಮುಗಿದ ಮೇಲೆ ಮೊದಲನೆಯದನ್ನು ಮತ್ತೊಮ್ಮೆ ಅಳೆಯಿರಿ. ಮೊದಲಿನದಕ್ಕಿಂತ ಕಡಿಮೆ ಬಂದರೆ ಬ್ಯಾಟರಿ ಸುಸ್ತಾಗಿದೆ ಎಂದರ್ಥ, ಚಾರ್ಜ್ ಮಾಡಿ ಎಲ್ಲವನ್ನೂ ಹೊಸದಾಗಿ ಮಾಡಬೇಕು.

ಅಂಕಿಯನ್ನು ಓದುವುದು

ಮಾರುತಿ 800ರ ಕಾಲದ ಪೆಟ್ರೋಲ್ ಎಂಜಿನ್ ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ 150ರಿಂದ 180 ಪಿಎಸ್‌ಐ ತೋರಿಸುತ್ತದೆ. ಕೆಲವು ಗೇಜುಗಳಲ್ಲಿ ಕೆಜಿ ಲೆಕ್ಕ ಇರುತ್ತದೆ: 1 ಕೆಜಿ (ಚದರ ಸೆಂ.ಮೀ.ಗೆ) ಎಂದರೆ 14.2 ಪಿಎಸ್‌ಐ. 120ರ ಕೆಳಗೆ ಬಂದರೆ ಪಿಕಪ್ ಇಲ್ಲದ್ದು ಗೊತ್ತಾಗುವಷ್ಟು ಆಗಿರುತ್ತದೆ, 90ರ ಕೆಳಗೆ ಆ ಸಿಲಿಂಡರ್ ಐಡ್ಲಿಂಗ್‌ನಲ್ಲಿ ಸರಿಯಾಗಿ ಉರಿಯುವುದೇ ಕಷ್ಟ.

ಊರು ಯಾವುದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮ್ಯಾನ್ಯುಯಲ್‌ನ ಅಂಕಿ ಸಮುದ್ರಮಟ್ಟದ ಗಾಳಿಗೆ ಬರೆದದ್ದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಓದು ಶೇಕಡಾ 8ರಿಂದ 10ರಷ್ಟು ಕಡಿಮೆ ಬರುವುದು ಸಹಜ. ಮಂಗಳೂರಿನಲ್ಲಿ 170 ತೋರಿಸಿದ ಎಂಜಿನ್ ಬೆಂಗಳೂರಿನಲ್ಲಿ 155ರ ಆಸುಪಾಸು ತೋರಿಸಿದರೆ ಅದು ಕೆಟ್ಟಿಲ್ಲ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಇಳಿಯುತ್ತದೆ.

ಹಾಗಾಗಿ ಒಂಟಿ ಅಂಕಿಗಿಂತ ಮೂರರ ನಡುವಿನ ಅಂತರ ಹೆಚ್ಚು ನಂಬಿಕೆಯದ್ದು. ಸುಜುಕಿ ಎಂಜಿನ್‌ಗಳಿಗೆ ಸಿಲಿಂಡರ್‌ಗಳ ನಡುವೆ 1 ಕೆಜಿ, ಅಂದರೆ 14 ಪಿಎಸ್‌ಐ ವ್ಯತ್ಯಾಸದವರೆಗೆ ಒಪ್ಪುತ್ತಾರೆ. ಕೆಲವು ಮಾದರಿ ಓದುಗಳು:

152, 148, 150: ಸೊಗಸು. ಪಿಕಪ್ ಇಲ್ಲದಿದ್ದರೆ ಕಾರಣ ಬೇರೆ ಕಡೆ ಹುಡುಕಿ: ಕಾರ್ಬುರೇಟರ್, ಇಗ್ನಿಷನ್, ಕ್ಲಚ್ ಸ್ಲಿಪ್, ಜಾಮ್ ಆದ ಬ್ರೇಕ್.

150, 55, 148: ಒಂದೇ ಸಿಲಿಂಡರ್ ಸತ್ತಿದೆ. ಹೆಚ್ಚಾಗಿ ವಾಲ್ವ್. ಅಪರೂಪಕ್ಕೆ ಪಿಸ್ಟನ್ ತೂತು ಅಥವಾ ಮುರಿದ ರಿಂಗ್.

150, 80, 78: ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿವೆ. ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಹೊಡೆದಿದೆ ಎಂದು ಶಂಕಿಸಿ. ಒಮ್ಮೆ ನೀರಿಲ್ಲದೆ ಕಾದ ಗಾಡಿಗಳಲ್ಲಿ ಇದು ಮಾಮೂಲು.

105, 108, 104: ಮೂರೂ ಸಮನಾಗಿ ಕಡಿಮೆ. ಇಲ್ಲಿ ಆತುರಪಡಬೇಡಿ. ಮೂರು ಸಿಲಿಂಡರಿನ ರಿಂಗೂ ಇಷ್ಟು ಸರಿಸಮನಾಗಿ ಸವೆಯಬಹುದು, ಆದರೆ ಅದಕ್ಕೆ ಮೊದಲು ಆಕ್ಸಿಲರೇಟರ್ ಪೂರ್ತಿ ತುಳಿದಿದ್ದರೇ, ಬ್ಯಾಟರಿ ಸರಿ ಇತ್ತೇ, ಗೇಜ್ ಸುಳ್ಳು ಹೇಳುತ್ತಿದೆಯೇ ಎಂದು ಕೇಳಿಕೊಳ್ಳಿ. ಗೊತ್ತಿರುವ ಒಳ್ಳೆಯ ಗಾಡಿಯೊಂದಕ್ಕೆ ಅದೇ ಗೇಜ್ ಹಾಕಿ ನೋಡಿದರೆ ಅನುಮಾನ ತೀರುತ್ತದೆ. ಆಮೇಲೆ ಟೈಮಿಂಗ್ ಬೆಲ್ಟ್. ಬೆಲ್ಟ್ ಒಂದೆರಡು ಹಲ್ಲು ಹಾರಿದ್ದರೆ ಮೂರೂ ಸಿಲಿಂಡರಿನ ವಾಲ್ವ್‌ಗಳು ತಪ್ಪು ಹೊತ್ತಿಗೆ ಮುಚ್ಚುತ್ತವೆ, ಓದು ಎಲ್ಲಕ್ಕೂ ಒಂದೇ ಸಮ ಬೀಳುತ್ತದೆ. ಮೇಲಿನ ಕವರ್ ತೆಗೆದು ಕ್ಯಾಮ್ ಪುಲ್ಲಿ ಮತ್ತು ಕ್ರ್ಯಾಂಕ್ ಪುಲ್ಲಿಯ ಗುರುತುಗಳು ಒಟ್ಟಿಗೆ ತಮ್ಮ ತಮ್ಮ ಜಾಗಕ್ಕೆ ಬರುತ್ತವೆಯೇ ನೋಡಿ. ಬೆಲ್ಟ್ ಇತ್ತೀಚೆಗೆ ಬದಲಾಯಿಸಿದ್ದಾರೆ, ಅಂದಿನಿಂದ ಎಳೆಯುತ್ತಿಲ್ಲ ಎಂದರೆ ಇಲ್ಲಿಂದಲೇ ಶುರುಮಾಡಿ.

ಓದು ಅಗತ್ಯಕ್ಕಿಂತ ಹೆಚ್ಚಿದ್ದರೂ ಖುಷಿಪಡುವ ಹಾಗಿಲ್ಲ. 200 ದಾಟಿದರೆ ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿರಬಹುದು, ಅಥವಾ ಸಿಲಿಂಡರಿನಲ್ಲಿ ಎಣ್ಣೆ ನಿಂತಿರಬಹುದು. ಎಣ್ಣೆ ಕುಡಿಯುವ ಎಂಜಿನ್ ಕೆಲವೊಮ್ಮೆ ಚೆಂದದ ಅಂಕಿ ತೋರಿಸಿ ಕೊಳ್ಳುವವರನ್ನು ಮೋಸಗೊಳಿಸುವುದು ಹೀಗೆ.

ಮೊದಲ ಜಿಗಿತದ ಅಂಕಿ ಯಾಕೆ ಬರೆಯಿರಿ ಎಂದೆವು? ರಿಂಗ್ ಸವೆದಿದ್ದರೆ ಮೊದಲ ಸುತ್ತಿಗೆ ಕಡಿಮೆ ತೋರಿಸಿ ಆಮೇಲೆ ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪ ಏರುತ್ತ ಹೋಗುತ್ತದೆ. ವಾಲ್ವ್ ಸೋರುತ್ತಿದ್ದರೆ ಮೊದಲೂ ಕಡಿಮೆ, ಆಮೇಲೂ ಅಲ್ಲೇ ಒದ್ದಾಡುತ್ತದೆ.

ಎಣ್ಣೆ ಹಾಕಿ ನೋಡುವುದು

ಕಡಿಮೆ ಬಂದ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುವುದು ಹಳೆಯ ಉಪಾಯ. ಎಣ್ಣೆ ರಿಂಗಿನ ಸುತ್ತ ಹರಡಿ ಸಂದು ಮುಚ್ಚುತ್ತದೆ. ಓದು ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ತತ್ವ ಸರಿ. ಎಷ್ಟು ಎಣ್ಣೆ ಎನ್ನುವಲ್ಲಿ ಎಡವಟ್ಟಾಗುತ್ತದೆ.

ಎಲ್ಲರೂ ಹೇಳುವುದು ಒಂದು ಚಮಚ, ಅಂದರೆ 5 ಮಿ.ಲೀ. ದೊಡ್ಡ ಎಂಜಿನ್ನಿಗೆ ಅದು ನಡೆಯುತ್ತದೆ. ನಮ್ಮ 796 ಸಿಸಿ ಎಂಜಿನ್ನಿನ ಒಂದು ಸಿಲಿಂಡರ್ 265 ಸಿಸಿ ಅಷ್ಟೇ. ಕಂಪ್ರೆಷನ್ ರೇಶಿಯೋ (ಗಾಳಿ ಎಷ್ಟು ಪಟ್ಟು ಹಿಂಡಿಕೊಳ್ಳುತ್ತದೆ ಎನ್ನುವ ಲೆಕ್ಕ) 9:1ರ ಹತ್ತಿರ ಎಂದು ಹಿಡಿದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 33 ಸಿಸಿ. ಅದರಲ್ಲಿ 5 ಮಿ.ಲೀ. ಎಣ್ಣೆಯೇ ತುಂಬಿದರೆ ರೇಶಿಯೋ 10.5ರ ಸಮೀಪಕ್ಕೆ ಹೋಗುತ್ತದೆ. ರಿಂಗ್ ಹೊಸದಿದ್ದರೂ ಓದು 25-30 ಪಿಎಸ್‌ಐ ಏರಬಹುದು! "ಎಣ್ಣೆ ಹಾಕಿದೆ, ಏರಿತು, ರಿಂಗ್ ಹೋಗಿದೆ" ಎಂದು ಒಳ್ಳೆಯ ಎಂಜಿನ್ನನ್ನು ಬಿಚ್ಚಿಸುವ ತಪ್ಪು ಆಗುವುದು ಇಲ್ಲೇ.

ಆದ್ದರಿಂದ ಸಿರಿಂಜಿನಲ್ಲಿ ಅಳೆದು 2 ಮಿ.ಲೀ. ಮಾತ್ರ, ಅದೂ ಮೂರೂ ಸಿಲಿಂಡರಿಗೆ. ಪೈಪಿನ ತುದಿಯನ್ನು ಸಿಲಿಂಡರಿನ ಗೋಡೆಯ ಕಡೆಗೆ ತಿರುಗಿಸಿ ಬಿಡಿ. ಗೇಜ್ ಹಾಕದೆ ಎರಡು ಸುತ್ತು ಸೆಲ್ಫ್ ಹೊಡೆದು ಎಣ್ಣೆ ಹರಡಲು ಬಿಡಿ (ತೂತುಗಳ ಮೇಲೆ ಬಟ್ಟೆ ಮುಚ್ಚಿ, ಮುಖ ಆಚೆ ಇರಲಿ). ಈಗ ಅಳೆಯಿರಿ. 2 ಮಿ.ಲೀ.ಗೆ ಜಾಗ ಕಡಿಮೆಯಾದ ಕಾರಣಕ್ಕೇ ಶೇಕಡಾ 8ರಷ್ಟು ಏರುತ್ತದೆ, ಒಳ್ಳೆಯ ಸಿಲಿಂಡರಿನಲ್ಲಿ ಕಾಣುವುದು ಅಷ್ಟೇ. ಕೆಟ್ಟದ್ದು 95ರಿಂದ 135ಕ್ಕೆ ಹಾರಿ, ಒಳ್ಳೆಯದು 150ರಿಂದ 162ಕ್ಕೆ ಹೋದರೆ ಕೆಟ್ಟದ್ದರಲ್ಲಿ ರಿಂಗ್ ಅಥವಾ ಬೋರ್ ಎಂದು ಹೇಳಬಹುದು. ಕೆಟ್ಟದ್ದು 60ರಿಂದ 66ಕ್ಕೆ ಹೋದರೆ ರಿಂಗಿನ ಮೇಲೆ ತಪ್ಪು ಹೊರಿಸಬೇಡಿ. ಎರಡೂ ಕೆಟ್ಟಿರುವಾಗ ಈ ಪರೀಕ್ಷೆ ಮಸುಕಾಗುತ್ತದೆ. ಪಿಸ್ಟನ್ ತೂತಾಗಿದ್ದರೆ ಎಣ್ಣೆ ಹಾಕಿದರೂ ಏರುವುದಿಲ್ಲ.

ಟ್ಯಾಪೆಟ್: ಕಾಸಿಲ್ಲದ ರಿಪೇರಿ

ಓದು ವಾಲ್ವ್ ಕಡೆ ತೋರಿಸಿದರೆ ಹೆಡ್ ಬಿಚ್ಚುವ ಮಾತಾಡುವ ಮೊದಲು ಟ್ಯಾಪೆಟ್ ಸಂದು ಅಳೆಯಿರಿ. ವಾಲ್ವ್ ಮತ್ತು ಅದರ ಸೀಟ್ ಸವೆಯುತ್ತ ಬಂದಂತೆ ವಾಲ್ವ್ ಮೇಲಕ್ಕೆ ಸರಿಯುತ್ತದೆ, ಸಂದು ಕಿರಿದಾಗುತ್ತದೆ, ಒಂದು ದಿನ ಶೂನ್ಯವಾಗುತ್ತದೆ. ಆಗ ರಾಕರ್ (ವಾಲ್ವನ್ನು ಒತ್ತುವ ತೋಳು) ವಾಲ್ವನ್ನು ಸದಾ ಕೂದಲೆಳೆಯಷ್ಟು ಒತ್ತಿ ತೆರೆದೇ ಇಟ್ಟಿರುತ್ತದೆ. ಹೊರಗೆ ಟಕಟಕ ಸದ್ದೂ ಇರುವುದಿಲ್ಲ. "ಟ್ಯಾಪೆಟ್ ಸದ್ದೇ ಇಲ್ಲ, ಎಂಜಿನ್ ರೇಷ್ಮೆ ಥರ ಇದೆ" ಎಂದು ಹೊಗಳುವ ಗಾಡಿ ಒಮ್ಮೊಮ್ಮೆ ಇದೇ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್ ವಾಲ್ವ್ ಸುಡುವುದಿಲ್ಲ, ಸದ್ದಿಲ್ಲದ್ದು ಸುಡುತ್ತದೆ.

ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹಾಕಿಸಿ ಓಡಿಸಿದ 800, ಓಮ್ನಿಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಒಣ ಗ್ಯಾಸಿನಲ್ಲಿ ಪೆಟ್ರೋಲಿನ ಹನಿ ಕೊಡುವ ತಂಪು ಇಲ್ಲ, ಸೀಟ್ ಬೇಗ ತಗ್ಗುತ್ತದೆ. ಗ್ಯಾಸ್ ಗಾಡಿ ಕೊಳ್ಳುವುದಾದರೆ ಟ್ಯಾಪೆಟ್ ಯಾವಾಗ ಸೆಟ್ ಮಾಡಿಸಿದ್ದು ಎಂದು ಕೇಳಲೇಬೇಕು. ಕಿಟ್ ತೆಗೆಸಿದ ಗಾಡಿಗೂ ಅದೇ ಪ್ರಶ್ನೆ.

ಅಳೆಯುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಹೆಡ್ ಕವರ್ ತೆಗೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಸುತ್ತಿ, ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವ ಜಾಗಕ್ಕೆ, ಅಂದರೆ ಕಂಪ್ರೆಷನ್ ಮೇಲ್ತುದಿಗೆ ತನ್ನಿ. ಪ್ಲಗ್ ತೂತಿನಲ್ಲಿ ಪ್ಲಾಸ್ಟಿಕ್ ಸ್ಟ್ರಾ ಇಳಿಬಿಟ್ಟರೆ ಪಿಸ್ಟನ್ ಮೇಲೆ ಬರುವುದು ಗೊತ್ತಾಗುತ್ತದೆ. ಕಬ್ಬಿಣದ ಕಡ್ಡಿ ಬೇಡ. ಈ ಎಂಜಿನ್ನಿಗೆ ತಣ್ಣಗೆ 0.15 ಮಿ.ಮೀ. ಆಸುಪಾಸು ಸಂದು ಇರಬೇಕು, ನಿಮ್ಮ ಮಾಡೆಲಿನ ಅಂಕಿಯನ್ನು ಮ್ಯಾನ್ಯುಯಲ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಫೀಲರ್ ಪಟ್ಟಿ ಸ್ವಲ್ಪ ಎಳೆತದೊಂದಿಗೆ ಜಾರಬೇಕು. ಲಾಕ್‌ನಟ್ ಬಿಗಿ ಮಾಡುವಾಗ ತಿರುಪು ತಾನೂ ಸುತ್ತಿ ಸಂದು ಬದಲಾಗುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಸಂದು ಶೂನ್ಯ ಇದ್ದದ್ದು ಸರಿಮಾಡಿ ಮತ್ತೆ ಕಂಪ್ರೆಷನ್ ನೋಡಿದರೆ ಕೆಲವೊಮ್ಮೆ 70 ಇದ್ದದ್ದು 140 ಆಗಿರುತ್ತದೆ. ಏರದಿದ್ದರೆ ವಾಲ್ವ್ ಈಗಾಗಲೇ ಸುಟ್ಟಿದೆ.

ಕವರ್ ತೆಗೆದಿರುವಾಗಲೇ ಒಬ್ಬರು ಸುತ್ತುತ್ತಿರಲಿ, ನೀವು ಪ್ರತಿ ವಾಲ್ವ್ ಎಷ್ಟು ಕೆಳಗಿಳಿಯುತ್ತದೆ ಎಂದು ಹೋಲಿಸಿ ನೋಡಿ. ಒಂದು ಇನ್‌ಲೆಟ್ ವಾಲ್ವ್ ಉಳಿದವಕ್ಕಿಂತ ಕಡಿಮೆ ತೆರೆದರೆ ಕ್ಯಾಮ್ ಸವೆದಿದೆ.

ಗಾಳಿ ತುಂಬಿ ಕೇಳುವುದು

ಎಲ್ಲಿ ಸೋರುತ್ತಿದೆ ಎಂದು ಬೊಟ್ಟು ಮಾಡಿ ತೋರಿಸುವುದು ಈ ಪರೀಕ್ಷೆ. ಕಂಪ್ರೆಸರ್ ಬೇಕು, ಇಲ್ಲವೇ ಕಾರನ್ನು ಪಂಕ್ಚರ್ ಅಂಗಡಿಯ ಪಕ್ಕಕ್ಕೆ ಒಯ್ಯಿರಿ. ಕಂಪ್ರೆಷನ್ ಗೇಜಿನ ಪೈಪಿನೊಳಗಿನ ಪಿನ್ ತೆಗೆದು, ಅದನ್ನೇ ಪ್ಲಗ್ ತೂತಿಗೆ ತಿರುಪಿ ಗಾಳಿ ಕೊಡಬಹುದು. ಎರಡು ಡಯಲ್ ಇರುವ ಲೀಕ್‌ಡೌನ್ ಗೇಜ್ (ಸೋರಿಕೆ ಅಳೆಯುವುದು) ಇದ್ದರೆ ಶೇಕಡಾವಾರು ಲೆಕ್ಕವೂ ಸಿಗುತ್ತದೆ: 100 ಪಿಎಸ್‌ಐ ಕೊಟ್ಟು ಒಳಗೆ 90 ನಿಂತರೆ ಸೋರಿಕೆ ಶೇಕಡಾ 10, ಚೆನ್ನ. ಶೇಕಡಾ 20ರವರೆಗೆ ಹಳೆ ಎಂಜಿನ್ನಿಗೆ ಪರವಾಗಿಲ್ಲ. 30 ದಾಟಿದರೆ ಕೆಲಸ ಇದೆ.

ಪಿಸ್ಟನ್ ಕರಾರುವಾಕ್ಕಾಗಿ ಕಂಪ್ರೆಷನ್ ಮೇಲ್ತುದಿಯಲ್ಲಿರಬೇಕು. ಒಂದು ಚೂರು ಆಚೀಚೆ ಇದ್ದರೂ ಗಾಳಿ ಪಿಸ್ಟನ್ನನ್ನು ಕೆಳಗೆ ತಳ್ಳಿ ಕ್ರ್ಯಾಂಕ್ ಝಗ್ಗನೆ ತಿರುಗುತ್ತದೆ. ಪುಲ್ಲಿ ಬೋಲ್ಟಿನಲ್ಲಿ ಸ್ಪ್ಯಾನರ್ ಬಿಟ್ಟಿದ್ದರೆ ಅದು ಕೈ ಮುರಿಯುತ್ತದೆ. ಸ್ಪ್ಯಾನರ್ ತೆಗೆದು, ಟಾಪ್ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಫ್ಯಾನು ಬೆಲ್ಟಿನಿಂದ ಕೈ ದೂರ ಇಟ್ಟುಕೊಂಡು 20 ಪಿಎಸ್‌ಐಯಿಂದ ಶುರುಮಾಡಿ ನಿಧಾನವಾಗಿ ಏರಿಸಿ.

ಈಗ ಕಿವಿಗೆ ಕೆಲಸ. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರ್ ಬಾಯಿಗೆ ಕಿವಿಗೊಡಿ: ಅಲ್ಲಿ ಸುಸ್ಸ್ ಎಂದರೆ ಇನ್‌ಲೆಟ್ ವಾಲ್ವ್. ಸೈಲೆನ್ಸರ್ ತುದಿಯಲ್ಲಿ ಕೇಳಿದರೆ ಎಕ್ಸಾಸ್ಟ್. ಡಿಪ್‌ಸ್ಟಿಕ್ ತೆಗೆದ ಕೊಳವೆಯಲ್ಲಿ ಜೋರಾಗಿ ಕೇಳಿದರೆ ರಿಂಗ್ ಅಥವಾ ಪಿಸ್ಟನ್. ಇಲ್ಲಿ ಮಾತ್ರ ಸಣ್ಣ ಸದ್ದು ಹೊಸ ಎಂಜಿನ್ನಿಗೂ ಇರುತ್ತದೆ, ಏಕೆಂದರೆ ರಿಂಗಿನ ಬಾಯಿ ಯಾವಾಗಲೂ ಒಂದಿಷ್ಟು ತೆರೆದೇ ಇರುತ್ತದೆ. ತಣ್ಣನೆ ರೇಡಿಯೇಟರ್ ಮುಚ್ಚಳ ತೆಗೆದಿಡಿ, ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ಪಕ್ಕದ ಪ್ಲಗ್ ತೂತಿನಿಂದ ಗಾಳಿ ಬಂದರೆ ನಡುವಿನ ಗ್ಯಾಸ್ಕೆಟ್. ಗದ್ದಲದ ಜಾಗವಾದರೆ ಒಂದು ಗಜ ರಬ್ಬರ್ ಪೈಪು ಕಿವಿಗೆ ಹಿಡಿದುಕೊಳ್ಳಿ.

ಕಂಪ್ರೆಷನ್ ಕಡಿಮೆ, ಆದರೆ ಗಾಳಿ ತುಂಬಿದರೆ ಎಲ್ಲೂ ಸೋರುತ್ತಿಲ್ಲ ಎಂಬ ಒಗಟು ಬಂದರೆ ಉತ್ತರ ಆಗಲೇ ಹೇಳಿದ್ದೇ: ಗಾಳಿ ಒಳಗೆ ಹೋಗುತ್ತಿಲ್ಲ. ಬೆಲ್ಟ್ ಟೈಮಿಂಗ್, ಕ್ಯಾಮ್, ರಾಕರ್ ನೋಡಿ.

ನಿಂತ ಗಾಡಿಯ ವಿಷಯ ಬೇರೆ

ಗಲ್ಫಿಗೋ ಮುಂಬೈಗೋ ಹೋದವರ ಮನೆಯಂಗಳದಲ್ಲಿ, ಅದೂ ಕರಾವಳಿಯ ಉಪ್ಪುಗಾಳಿಯಲ್ಲಿ, ಎರಡು ಮೂರು ಮಳೆಗಾಲ ನಿಂತ ಕಾರಿಗೆ ಮೊದಲ ದಿನದ ಕಂಪ್ರೆಷನ್ ಅಳತೆಗೆ ಬೆಲೆ ಇಲ್ಲ. ಬೋರಿನ ಗೋಡೆ ಒಣಗಿರುತ್ತದೆ, ರಿಂಗ್ ಪಿಸ್ಟನ್ನಿನ ತೋಡಿನಲ್ಲಿ ಅಂಟಿರುತ್ತದೆ, ತೆರೆದೇ ನಿಂತಿದ್ದ ವಾಲ್ವಿನ ಸೀಟಿಗೆ ತುಕ್ಕು ಹತ್ತಿರುತ್ತದೆ. ಸೆಲ್ಫ್ ಹೊಡೆಯಲೇಬೇಡಿ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ 5 ಮಿ.ಲೀ. ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ, ಬೆಳಗ್ಗೆ ಸ್ಪ್ಯಾನರಿನಿಂದ ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಸರಾಗ ಸುತ್ತಿದರೆ ಪ್ಲಗ್ ಹಾಕದೆ ಸೆಲ್ಫ್ ಹೊಡೆದು ಎಣ್ಣೆ ಹೊರಹಾಕಿ. ಎಂಜಿನ್ ಆಯಿಲ್, ಫಿಲ್ಟರ್, ಹಳೆ ಪೆಟ್ರೋಲ್ ಬದಲಾಯಿಸಿ 50-100 ಕಿಲೋಮೀಟರ್ ಓಡಿಸಿದ ಮೇಲೆ ಅಳೆಯಿರಿ. 80 ಇದ್ದದ್ದು 130ಕ್ಕೆ ಬರುವುದು ಅಪರೂಪವೇನಲ್ಲ. ಓಡುವ ಗಾಡಿಯಲ್ಲೂ ಒಂದು ಕಾರ್ಬನ್ ಚೂರು ವಾಲ್ವಿನಡಿ ಸಿಕ್ಕಿ ಒಂದು ಸಲ ಕೆಟ್ಟ ಓದು ಬರಬಹುದು, ಹಾಗಾಗಿ ಒಂದೇ ಸಲದ ಅಳತೆ ಹಿಡಿದು ಹೆಡ್ ಬಿಚ್ಚಬೇಡಿ.

ಬಿಚ್ಚಿಸುವುದಾದರೆ

ವಾಲ್ವ್ ಅಥವಾ ಗ್ಯಾಸ್ಕೆಟ್ ಎಂದು ಖಚಿತವಾದರೆ ಹೆಡ್ ಮಾತ್ರ ಇಳಿದರೆ ಸಾಕು, ಎಂಜಿನ್ ಗಾಡಿಯಲ್ಲೇ ಇರುತ್ತದೆ. ಹೆಡ್ಡಿನ ಅಡಿಭಾಗಕ್ಕೆ ನೇರ ಪಟ್ಟಿ ಇಟ್ಟು ಫೀಲರ್ ತೂರಿಸಿ, 0.05 ಮಿ.ಮೀ.ಗಿಂತ ಹೆಚ್ಚು ಹೋದರೆ ಲೇಥ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಬೇಕು, ಅಂದರೆ ಮೈ ಸಮತಟ್ಟು ಮಾಡಿಸಬೇಕು. ಗ್ಯಾಸ್ಕೆಟ್ ಹೊಸದು ಹಾಕಿ ಫೇಸಿಂಗ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಜಾಗದಲ್ಲಿ ಹೊಡೆಯುತ್ತದೆ. ವಾಲ್ವ್ ಗ್ರೈಂಡ್ ಮಾಡಿದ ಮೇಲೆ ಹೆಡ್ಡನ್ನು ಮಗುಚಿ, ಪ್ಲಗ್ ಹಾಕಿ, ಚೇಂಬರಿಗೆ ಪೆಟ್ರೋಲ್ ಸುರಿದು ಹತ್ತು ನಿಮಿಷ ಬಿಡಿ; ಪೋರ್ಟಿನ ಕಡೆ ಒದ್ದೆಯಾಗಬಾರದು. ಇದನ್ನು ನಿಮ್ಮೆದುರೇ ಮಾಡಿ ತೋರಿಸಿ ಎಂದು ಕೇಳಿ.

ರಿಂಗ್ ಎಂದಾದರೆ ಬೋರ್ ಅಳೆಯದೆ ರಿಂಗ್ ಮಾತ್ರ ಬದಲಿಸಲು ಒಪ್ಪಬೇಡಿ. ಬೋರಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ 0.10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಹೊಸ ರಿಂಗ್ ಕೂರುವುದಿಲ್ಲ, ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಬೇಕು. ವ್ಯತ್ಯಾಸ ಕಡಿಮೆ ಇದ್ದರೆ ಹೋನಿಂಗ್ (ಬೋರಿನ ಗೋಡೆಯನ್ನು ಸಾಣೆಕಲ್ಲಿನಿಂದ ಉಜ್ಜುವುದು) ಸಾಕು. ಹಳೆ ರಿಂಗನ್ನು ಬೋರಿನ ಕೆಳಗೆ, ಸವೆಯದ ಜಾಗಕ್ಕೆ ಪಿಸ್ಟನ್ನಿನಿಂದಲೇ ತಳ್ಳಿ ಬಾಯಿಯ ಸಂದು ಅಳೆಯಿರಿ: 0.7 ಮಿ.ಮೀ. ದಾಟಿದ್ದರೆ ಅದರ ಆಯುಷ್ಯ ಮುಗಿದಿದೆ. ಹೆಡ್ಡಿನ ವಾಲ್ವ್ ಕೆಲಸ ಮಾತ್ರ ಮಾಡಿಸಿ ಸವೆದ ರಿಂಗನ್ನು ಹಾಗೇ ಬಿಟ್ಟರೆ ಮೇಲಿನ ಒತ್ತಡ ಹೆಚ್ಚಿ ಎಣ್ಣೆ ಕುಡಿಯುವುದು ಎದ್ದು ಕಾಣತೊಡಗುತ್ತದೆ, ಹಾಗಾಗಿ ಹೆಡ್ ಇಳಿಸುವ ಮೊದಲೇ ಎಣ್ಣೆ ಪರೀಕ್ಷೆಯ ಅಂಕಿ ಕೈಯಲ್ಲಿರಬೇಕು.

ಕೆಲಸ ಮುಗಿದು 1,000 ಕಿಲೋಮೀಟರ್ ಓಡಿ ರಿಂಗ್ ಕೂತ ಮೇಲೆ ಮತ್ತೆ ಅಳೆಯಿರಿ. ತಾರೀಕು, ಕಿಲೋಮೀಟರ್, ಊರು, ಯಾವ ಗೇಜ್, ಮೂರು ಸಿಲಿಂಡರಿನ ಅಂಕಿ, ಇಷ್ಟನ್ನು ಸರ್ವಿಸ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ.